ಮೆಲ್ಲಗಿಳಿದ ನೀರು

ಬೆಳಗಿನ ಚಹಾ ಇನ್ನೂ ಲೋಟಕ್ಕೆ ಬಿದ್ದಿರಲಿಲ್ಲ, ಆಗಲೇ ಯಾರೋ ಬಾಗಿಲು ಬಡಿದರು. ಅಳಿಯ ಚಿಲಕ ತೆಗೆದ. ಮೆಟ್ಟಿಲ ಮೇಲೆ ಅಣೆಕಟ್ಟಿನ ಇಂಜಿನಿಯರು ನಿಂತಿದ್ದರು. ಶರ್ಟಿನ ಗುಂಡಿಗಳು ಒಂದು ಕಾಜ ತಪ್ಪಿ ಕೂತಿದ್ದವು. ಕಣ್ಣು ನೋಡಿದರೆ ರಾತ್ರಿಯೆಲ್ಲ ರೆಪ್ಪೆ ಮುಚ್ಚಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಬೂದಿಯಮ್ಮ ಇದ್ದಾರಾ?" ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. "ಅಲ್ಲ, ನಿಮ್ಮ ಅತ್ತೆಯವರು..."

"ಬೂದಿಯಮ್ಮ ಒಳಗೇ ಇದ್ದಾಳೆ, ಬನ್ನಿ," ಎಂದು ಅಡುಗೆಮನೆಯಿಂದ ಧ್ವನಿ ಬಂತು.

ಊರಿನವರು ಅತ್ತೆಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಅದು. ಅಗ್ನಿಶಾಮಕ ಇಲಾಖೆಯಲ್ಲಿದ್ದಷ್ಟು ಕಾಲವೂ ಆಕೆ ಮಾಡಿದ್ದು ಒಂದೇ ಕೆಲಸ: ಬೆಂಕಿ ಆರಿದ ಮೇಲೆ ಹೋಗಿ ಬೂದಿ ಕೆದಕಿ, ಅದು ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು. ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೂ ಜನ ಬಿಡಲಿಲ್ಲ. ಕಳವಾಗಲಿ, ಕೊಲೆಯಾಗಲಿ, ಠಾಣೆಗೆ ಹೋಗುವ ಮುಂಚೆ ಈ ಬಾಗಿಲಿಗೆ ಬರುತ್ತಿದ್ದರು. ಕನ್ನಡಕದ ಅಂಗಡಿ ಇಟ್ಟಿದ್ದ ಅಳಿಯ ಬರಬರುತ್ತಾ ಆಕೆಯ ಸಾರಥಿಯಾಗಿದ್ದ. ಅತ್ತೆ ಕಂಡರೆ ಓಡುವ ಅಳಿಯಂದಿರ ನಡುವೆ ಅತ್ತೆಯ ಹಿಂದೆ ಓಡುವ ಅಳಿಯ ನೀನೊಬ್ಬನೇ ಎಂದು ಹೆಂಡತಿ ನಗುತ್ತಿದ್ದಳು.

ಇಂಜಿನಿಯರು ಕುರ್ಚಿಯ ಅಂಚಿನಲ್ಲಿ ಕೂತರು. "ನಿನ್ನೆ ಹೊಳೆಗೆ ನೀರು ಬಿಡೋ ದಿನ, ಅಮ್ಮ. ಸಂಜೆ ನೀರಿಳಿದ ಮೇಲೆ ದಡದ ಗಿಡಗಳ ಅಧ್ಯಯನ ಮಾಡೋ ನಮ್ಮ ಗಿಡದ ಮೇಡಂ ಹೊಳೆ ನಡುವಿನ ಮರಳುದಿಬ್ಬದ ಮೇಲೆ ಪ್ರಜ್ಞೆ ಇಲ್ದೆ ಬಿದ್ದಿದ್ರು. ತಲೆಗೆ ದೊಡ್ಡ ಪೆಟ್ಟು. ನಾನು ಸೈರನ್ ಹಾಕೋ ಮೊದಲೇ ಗೇಟ್ ತೆಗೆದೆನಂತೆ, ಆ ನೀರು ಅವರನ್ನ ಬಂಡೆಗೆ ಅಪ್ಪಳಿಸ್ತಂತೆ. ಊರೆಲ್ಲ ಇದೇ ಮಾತು."

"ನೀವು ತೆಗೆದ್ರಾ?"

"ನನ್ನ ಮಕ್ಕಳಾಣೆ ಇಲ್ಲ. ಮೊದಲು ಸೈರನ್, ಆಮೇಲೆ ಕಾದು, ಆಮೇಲೆ ಗೇಟ್. ಆದ್ರೆ ಸೈರನ್ ನಾನು ಕೈಯಿಂದ ಒತ್ತೋ ಗುಂಡಿ. ಒತ್ತಿದ್ದಕ್ಕೆ ಸಾಕ್ಷಿ ಏನಿದೆ? ನಾಳೆ ಮುಖ್ಯಾಧಿಕಾರಿಗಳು ಬರ್ತಿದಾರೆ. ನೀರು ಬಿಡೋ ಏರ್ಪಾಡು ಶಾಶ್ವತ ಮಾಡಬೇಕು ಅಂತ ಮೇಡಂ ಅವರ ಮುಂದೆ ಮಾತಾಡೋದಿತ್ತು. ಈಗ ಅವರು ಏರ್ಪಾಡನ್ನೇ ರದ್ದು ಮಾಡ್ತಾರೆ. ನನ್ನ ಕೆಲಸ ಹೋದ್ರೆ ಹೋಗ್ಲಿ, ಹೊಳೆ ಸಾಯುತ್ತಲ್ಲಮ್ಮ!"

ಆ ಏರ್ಪಾಡು ಸುಲಭವಾಗಿ ಬಂದದ್ದಲ್ಲ. ಮೊದಲೆಲ್ಲ ವಿದ್ಯುತ್ತಿನ ಬೇಡಿಕೆ ಏರಿದಾಗ ಅಣೆಕಟ್ಟು ಹೇಳದೆ ಕೇಳದೆ ನೀರು ಬಿಡುತ್ತಿತ್ತು. ಬೇಡವಾದಾಗ ಕತ್ತು ಹಿಸುಕಿದಂತೆ ನಿಲ್ಲಿಸುತ್ತಿತ್ತು. ಮೀನಿನ ಮರಿಗಳು ಬಂಡೆ ಸಂದಿನಲ್ಲಿ ಒಣಗಿ ಸಾಯುತ್ತಿದ್ದವು. ದಡದ ಮರಗಳು ಬೀಜ ಉದುರಿಸಿದರೂ ಒಂದು ಸಸಿ ಏಳುತ್ತಿರಲಿಲ್ಲ. ದೋಣಿ ಕ್ಲಬ್ಬಿನವರಿಗೆ ರಭಸದ ನೀರು ಬೇಕು, ಗಿಡದ ಮೇಡಂಗೆ ಮೆಲ್ಲಗೆ ಇಳಿಯುವ ನೀರು ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಿತ್ತು. ಎರಡು ಕಡೆಯವರನ್ನೂ ಒಂದೇ ಮೇಜಿಗೆ ಕೂರಿಸಿದ್ದು ಆ ಮೇಡಂ. ಗೊತ್ತುಪಡಿಸಿದ ದಿನ, ಸೈರನ್ ಕೂಗಿದ ಮೇಲೆ, ಬೆಳಿಗ್ಗೆ ನೀರು ತುಂಬಿ ಹರಿಯಬೇಕು. ಕ್ಲಬ್ಬಿನವರು ಒಬ್ಬೊಬ್ಬರೇ ಕೂರುವ ಸಣ್ಣ ದೋಣಿ, ಕಯಾಕ್, ಇಳಿಸಬೇಕು. ಮಧ್ಯಾಹ್ನದಿಂದ ನೀರು ಹಂತ ಹಂತವಾಗಿ ತಗ್ಗಬೇಕು, ಒದ್ದೆ ಮರಳಿನಲ್ಲಿ ಮೊಳೆತ ಬೀಜ ಇಳಿಯುವ ತೇವದ ಹಿಂದೆಯೇ ಬೇರು ಬಿಡುವಂತೆ.

"ಸೈರನ್ನಿಗೆ ಮೊದಲೇ ನೀರು ಬಂತು ಅಂತ ಹೇಳಿದ್ದು ಯಾರು?" ಅತ್ತೆ ಕೇಳಿದರು.

"ರಕ್ಷಣಾ ದೋಣಿ ನಡೆಸೋ ದೋಣಿಯಣ್ಣ. ಅವರ ಕಾವಲು ಗುಡಿಸಲು ದಿಬ್ಬದ ಎದುರಿಗೇ ಇದೆ. ನೀರು ಬಂದು ಬೂಟು ನೆನೆದ ಮೇಲೆ ಸೈರನ್ ಕೇಳಿಸ್ತು ಅಂತಾರೆ. ಕ್ಲಬ್ಬಿನವರು ಸಂಗೀತ ಹಚ್ಚಿಕೊಂಡಿದ್ರು, ಏನೂ ಕೇಳಿಲ್ಲ. ದೋಣಿಯಣ್ಣ ಸುಳ್ಳು ಹೇಳೋರಲ್ಲ, ಅದೇ ನನ್ನ ಕರ್ಮ."

ಅತ್ತೆ ಚಹಾ ಲೋಟವನ್ನು ಇಂಜಿನಿಯರ ಮುಂದೆ ತಳ್ಳಿದರು. "ಇದನ್ನ ಕುಡಿದು ಮನೆಗೆ ಹೋಗಿ ಮಲಗಿ. ನಾಳೆ ಸಭೆ ಮುಗಿಯೋ ತನಕ ರಾಜೀನಾಮೆ ಗೀಜಿನಾಮೆ ಅನ್ನಬೇಡಿ. ಅಳಿಯಂದ್ರೇ, ಕಾರು ತೆಗೀರಿ."

ಅಂಗಡಿ ತೆಗೆಯುವ ಹೊತ್ತಾಗಿತ್ತು. ಆದರೂ ಅಳಿಯ ಕಾರಿನ ಕೀಲಿ ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಗಿಡದ ಮೇಡಂ ತಲೆಗೆ ಪಟ್ಟಿ ಸುತ್ತಿಕೊಂಡು, ಸುಮ್ಮನೆ ನಿದ್ದೆ ಹೋದವರಂತೆ ಮಲಗಿದ್ದರು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವರ ತಾಯಿ ಮಗಳ ಕೈ ಹಿಡಿದಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ತಲೆಯ ಹಿಂಭಾಗಕ್ಕೆ ಒಂದೇ ಪೆಟ್ಟು," ಎಂದರು ಡಾಕ್ಟರು. "ಮೈ ಮೇಲೆ ಬೇರೆ ಗಾಯ ಇಲ್ಲ. ಪುಣ್ಯಕ್ಕೆ ನೀರೂ ಕುಡಿದಿಲ್ಲ, ಶ್ವಾಸಕೋಶ ಸ್ವಚ್ಛ. ಎಚ್ಚರ ಆಗ್ತಾರೆ, ಯಾವಾಗ ಅಂತ ಹೇಳಲಾರೆ."

ಅತ್ತೆ ನರ್ಸಿನ ಕಡೆ ತಿರುಗಿದರು. "ಕರ್ಕೊಂಡು ಬಂದಾಗ ಕೂದಲು ಹೇಗಿತ್ತಮ್ಮ?"

"ಒದ್ದೆ ಇತ್ತು. ಪಟ್ಟಿ ಕಟ್ಟೋಕೆ ನಾನೇ ಬಾಚಿದೆ. ರಕ್ತ ಬಿಟ್ರೆ ಏನೂ ಇರ್ಲಿಲ್ಲ. ಬಟ್ಟೆನೂ ಒದ್ದೆ, ಆದ್ರೆ ಒಗೆದು ಹಿಂಡಿದ ಹಾಗಿತ್ತು."

ಹೊರಗೆ ಬಂದಾಗ ಅತ್ತೆ ಹುಬ್ಬು ಗಂಟಿಕ್ಕಿ ನೆಲ ನೋಡುತ್ತಾ ನಡೆದರು. ಅಳಿಯನಿಗೆ ಈ ನಡಿಗೆಯ ಪರಿಚಯವಿತ್ತು. ಸುಟ್ಟ ಮನೆಯೊಂದರಲ್ಲಿ ಸುಡದ ಪರದೆ ಕಂಡಾಗ ಆಕೆ ಹೀಗೇ ಇರುತ್ತಿದ್ದರು.

ಹೊಳೆಯ ದಡದಲ್ಲಿ ಕ್ಲಬ್ಬಿನ ಕ್ಯಾಪ್ಟನ್ ಕಾಯುತ್ತಿದ್ದಳು. ಹುಟ್ಟು ಹಾಕಿ ಹಾಕಿ ತೋಳು ಗಟ್ಟಿಯಾದ, ಮಾತು ಇನ್ನೂ ಗಟ್ಟಿಯಾದ ಹುಡುಗಿ. ಪ್ರಜ್ಞೆ ತಪ್ಪಿದ ಮೇಡಂ ಅವರನ್ನು ಮೊದಲು ಕಂಡವಳು ಅವಳೇ.

"ಒಂದು ಮಾತು ನಾನೇ ಹೇಳಿಬಿಡ್ತೀನಿ," ಎಂದಳು. "ಹೋದ ವಾರ ನಾನು ಮೇಡಂ ಜೊತೆ ಜಗಳ ಆಡಿದ್ದೆ. ದಿಬ್ಬದ ಕೆಳಗಡೆ ಹಕ್ಕಿ ಮೊಟ್ಟೆ ಇಟ್ಟಿವೆ, ರೇಸಿನ ದಾರಿ ಬದಲಾಯ್ಸಿ ಅಂದ್ರು. ನಾನು ಕೂಗಾಡಿದೆ. ಆಮೇಲೆ ಬದಲಾಯ್ಸಿದೆ. ಜನ ನನ್ನನ್ನೂ ಅನುಮಾನದಿಂದ ನೋಡ್ತಿದಾರೆ."

"ಕೂಗಾಡೋರ ಬಗ್ಗೆ ನನಗೆ ಭಯ ಇಲ್ಲ," ಎಂದರು ಅತ್ತೆ. "ದಿಬ್ಬ ತೋರ್ಸು."

ಹೊಳೆ ಮತ್ತೆ ಸಣ್ಣದಾಗಿತ್ತು. ಮೂವರೂ ಮೊಣಕಾಲುದ್ದದ ನೀರು ದಾಟಿ ದಿಬ್ಬ ಹತ್ತಿದರು. ನಿನ್ನೆಯ ನೀರು ದಿಬ್ಬದ ನೆತ್ತಿಯ ಮೇಲೂ ಹರಿದು, ಹಾಲಿನ ಕೆನೆಯಂಥ ತೆಳ್ಳನೆಯ ಹೂಳು ಬಿಟ್ಟು ಹೋಗಿತ್ತು. ಬೆರಳುದ್ದದ ಸಸಿಗಳು ಬಾಚಿದ ಕೂದಲಿನಂತೆ ಕೆಳದಿಕ್ಕಿಗೆ ಬಾಗಿದ್ದವು. ಎಲೆಗಳ ತುಂಬ ಕಂದು ಕೆಸರು, ಕಸ, ತರಗೆಲೆಯ ಚೂರು.

"ಇಷ್ಟು ಕೊಳೆ ಯಾಕೆ?" ಅಳಿಯ ಕೇಳಿದ.

"ಮೊದಲು ಬರೋ ನೀರು ಹೀಗೇ ಸಾರ್, ಹೊಳೆಯ ಕಸ ಎಲ್ಲ ಬಾಚ್ಕೊಂಡು ಬರುತ್ತೆ. ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತೆ. ನೋಡಿ, ಮೇಡಂ ಇಲ್ಲಿದ್ರು."

ನೆತ್ತಿಯ ಮೇಲೆ ಮನುಷ್ಯಾಕಾರದ ತಗ್ಗೊಂದು ಕಾಣುತ್ತಿತ್ತು. ಸುತ್ತ ಎತ್ತಿಕೊಂಡು ಹೋದವರ ಹೆಜ್ಜೆಗಳು ಕಲಸಿಹೋಗಿದ್ದವು. ಅತ್ತೆ ಮಂಡಿಯೂರಿ ತಲೆಯಿಂದ ಹೇರ್‌ಪಿನ್ ತೆಗೆದು ತಗ್ಗಿನ ನಡುವೆ ಕೆದಕಿದರು. ಅಲ್ಲಿಯೂ ಹೂಳಿನ ಕೆನೆ ಇತ್ತು, ಭಾರಕ್ಕೆ ಒತ್ತಿಹೋಗಿತ್ತು ಅಷ್ಟೆ. ಅಡಿಯಲ್ಲಿ ಸಿಕ್ಕ ಸಸಿಗಳ ಎಲೆಗೂ ಕೆಸರು ಮೆತ್ತಿತ್ತು.

"ಹೇಗೆ ಮಲಗಿದ್ರು?"

"ಒಂದು ಮಗ್ಗುಲಾಗಿ. ಒಂದು ಕೈ ಕೆನ್ನೆ ಕೆಳಗೆ, ಮೇಲಿನ ಮೊಣಕಾಲು ಮುಂದಕ್ಕೆ ಮಡಚಿ. ಮೊದಲು ನೋಡಿದಾಗ ನಿದ್ದೆ ಮಾಡ್ತಿದಾರೆ ಅಂದುಕೊಂಡೆ."

"ನೀವೆಲ್ಲ ಮತ್ತೆ ಇಲ್ಲಿಗೆ ಯಾಕೆ ಬಂದಿದ್ರಿ?"

"ರೇಸ್ ಮುಗಿದು ಕಯಾಕೆಲ್ಲ ಕೆಳಗಿನ ಸೇತುವೆ ಹತ್ರ ಲಾರಿಗೆ ಏರಿಸ್ತೀವಿ. ನೀರು ಪೂರ್ತಿ ಇಳಿದ ಮೇಲೆ ರಬ್ಬರ್ ದೋಣೀಲಿ ಬಂದು ಕಸ ಆರಿಸ್ತೀವಿ. ಪ್ರತಿಸಲ. ಎಲ್ರಿಗೂ ಗೊತ್ತು."

ಅತ್ತೆ ದಿಬ್ಬವನ್ನು ಒಂದು ಸುತ್ತು ಹಾಕಿದರು. ಇಳಿಜಾರಿನ ಮೇಲೆ ತೊಟ್ಟಿಯ ನೀರಿಳಿದಾಗ ಉಳಿಯುವಂಥ ಗೆರೆಗಳು, ಒಂದರ ಕೆಳಗೊಂದು ಮೆಟ್ಟಿಲಿನಂತೆ ಮೂಡಿದ್ದವು. ನೀರು ಎಲ್ಲೆಲ್ಲಿ ತಂಗಿತ್ತೋ ಅಲ್ಲೆಲ್ಲ ಒಂದೊಂದು ಗೆರೆ. ಗುಡಿಸಲಿಗೆ ಎದುರಾದ ಬದಿಯಲ್ಲಿ ಆಕೆ ನಿಂತುಬಿಟ್ಟರು. ಇಳಿಜಾರಿನ ನಡುವಿನಿಂದ ಮೇಲಕ್ಕೆ, ಗೆರೆಗಳನ್ನು ಕತ್ತರಿಸಿಕೊಂಡು, ಜೋಡಿ ಗೀರುಗಳು ಹೋಗಿದ್ದವು. ರೈಲು ಹಳಿಯಂತೆ ಸಮಾನಾಂತರ. ನಡುವಿನಿಂದ ಕೆಳಗಿನ ಗೆರೆಗಳು ಒಂದೂ ಮಾಸಿರಲಿಲ್ಲ.

"ಇಲ್ಲಿ ಏನು ಕಾಣ್ತಿದೆ ಅಳಿಯಂದ್ರೇ?"

"ಗೀರು," ಎಂದ ಅಳಿಯ.

"ಊರಿಗೆಲ್ಲ ಕನ್ನಡಕ ಮಾರ್ತೀರಿ, ನಿಮ್ಮ ಕಣ್ಣು ಮಾತ್ರ ಅಂಗಡೀಲೇ ಬಿಟ್ಟು ಬಂದಿದೀರಿ," ಎಂದರು ಅತ್ತೆ. ಆದರೆ ನಗಲಿಲ್ಲ.

ಹೊಳೆಯಂಚಿನ ಅತಿಥಿಗೃಹದ ಯಜಮಾನ ಕಾರು ನಿಲ್ಲಿಸುವ ಮೊದಲೇ ಬಾಯಿ ತೆರೆದ. "ನೀರು ಬಿಟ್ಟಾಗಲೆಲ್ಲ ನನ್ನ ಹುಲ್ಲುಹಾಸು ಕೆಸರುಗದ್ದೆ! ರದ್ದಾದ್ರೆ ನನಗೆ ಸಂತೋಷವೇ. ಹಾಗಂತ ಹೆಂಗಸಿನ ಮೇಲೆ ಕೈ ಮಾಡೋ ಜಾಯಮಾನ ನನ್ನದಲ್ಲ."

"ಕೈ ಮಾಡಿದ್ರು ಅಂತ ಯಾರು ಹೇಳಿದ್ರು?"

ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. "ಹಾಗಲ್ಲ... ಜನ ಏನೇನೋ ಮಾತಾಡ್ತಾರೆ."

"ಸೈರನ್ ಕೇಳಿಸ್ತಾ?"

"ಆ ಕಾಟಕ್ಕೇ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತೀನಮ್ಮ."

ಅತ್ತೆ ಅವನ ದೋಣಿ ನೋಡಬೇಕೆಂದರು. ಹಳೆಯ ಮರದ ದೋಣಿ; ಮಗುಚಿ ಹಾಕಿತ್ತು. ತಳ ಚೂಪು, ನಟ್ಟನಡುವೆ ಒಂದೇ ಉದ್ದನೆಯ ಏಣು.

ಸಂಜೆ ಬಿಸಿಲಿನಲ್ಲಿ ದೋಣಿಯಣ್ಣ ಗುಡಿಸಲ ಮುಂದೆ ಹಗ್ಗ ಸುತ್ತುತ್ತಿದ್ದ. ನರೆತ ಗಡ್ಡ, ಅಗಲ ಹೆಗಲು, ತಗ್ಗಿದ ದನಿ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದ್ದು ಅವನೇ. ಕ್ಲಬ್ಬಿನವರಿಗೆಲ್ಲ ಮುಳುಗಿದವರನ್ನು ಎತ್ತುವ, ಉಸಿರು ತುಂಬುವ ವಿದ್ಯೆ ಕಲಿಸಿದ್ದೂ ಅವನೇ. ಗೋಡೆಗೆ ಒಂದು ಕಯಾಕಿನ ಹುಟ್ಟು ನೇತುಹಾಕಿತ್ತು. ಅದು ಅವನ ಮಗನದು ಎಂದು ಕ್ಯಾಪ್ಟನ್ ದಾರಿಯಲ್ಲೇ ಹೇಳಿದ್ದಳು. ಏರ್ಪಾಡು ಬರುವ ಮುಂಚಿನ ಮಾತು. ಅಣೆಕಟ್ಟು ಸುಳಿವು ಕೊಡದೆ ನೀರು ಬಿಟ್ಟ ಒಂದು ದಿನ ಆ ಮಗ ಮರಳಿ ಬರಲಿಲ್ಲ.

"ನೀರು ಮೊದಲು ಬಂತು, ಸೈರನ್ ಆಮೇಲೆ," ಎಂದ ದೋಣಿಯಣ್ಣ ಕಣ್ಣೆತ್ತದೆ. "ಮೇಡಂ ನೀರು ಬಿಡೋ ದಿನ ಬೆಳಿಗ್ಗೆ ಸಸಿ ಎಣಿಸೋಕೆ ದಿಬ್ಬಕ್ಕೆ ಹೋಗ್ತಾರೆ. ಹೋಗಿರಬೇಕು."

"ರೇಸ್ ಆದ ಮೇಲೆ ನೀವು?"

"ಕೊನೇ ಕಯಾಕ್ ದಾಟಿದ ಮೇಲೆ ದೋಣಿ ಕಟ್ಟಿ ಮನೆಗೆ ಹೋದೆ. ಮತ್ತೆ ನೀರಿಗೆ ಇಳೀಲಿಲ್ಲ. ದಿಬ್ಬದ ಮೇಲಂತೂ ನಿನ್ನೆ ಕಾಲೇ ಇಟ್ಟಿಲ್ಲ."

ಅತ್ತೆ ದಡಕ್ಕೆ ಎಳೆದಿದ್ದ ರಕ್ಷಣಾ ದೋಣಿಯ ಬಳಿ ಬಗ್ಗಿ ಅದರ ಚಪ್ಪಟೆ ತಳಕ್ಕೆ ಕೈ ಆಡಿಸಿದರು. ಬಂಡೆಗೆ ಉಜ್ಜಿದರೂ ಸವೆಯದಿರಲೆಂದು ಎರಡು ಕಬ್ಬಿಣದ ಪಟ್ಟಿ ಬಡಿದಿತ್ತು. "ಒಳ್ಳೆ ದೋಣಿ," ಎಂದರು. ಕಾರು ಹತ್ತಿದ ಮೇಲೆ ಮನೆ ಮುಟ್ಟುವ ತನಕ ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವಾಗ ಮಾತ್ರ, "ಕೆಲವು ಬೆಂಕಿ ಯಾರು ಹಚ್ಚಿದ್ದು ಅಂತ ಗೊತ್ತಾಗದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ," ಎಂದರು.

ಮರುದಿನ ಅಣೆಕಟ್ಟಿನ ಕಚೇರಿಯ ಸಭಾಕೋಣೆಯಲ್ಲಿ ಎಲ್ಲರೂ ಸೇರಿದರು. ಮುಖ್ಯಾಧಿಕಾರಿ ಕೈಗಡಿಯಾರ ನೋಡಿಕೊಳ್ಳುತ್ತಾ, "ನಾನು ನಿರ್ಧಾರ ಮಾಡಿಯೇ ಬಂದಿದೀನಿ. ಒಂದು ಜೀವಕ್ಕಿಂತ ಸಸಿ, ಆಟ ದೊಡ್ಡದಲ್ಲ," ಎಂದರು. ಅತ್ತೆಯ ಕೋರಿಕೆಗೆ ಬಂದಿದ್ದ ಠಾಣೆಯ ಇನ್ಸ್‌ಪೆಕ್ಟರು ಬಾಗಿಲ ಬಳಿ ನಿಂತಿದ್ದರು.

"ಜೀವಕ್ಕಿಂತ ದೊಡ್ಡದು ಏನೂ ಇಲ್ಲ ಸ್ವಾಮಿ," ಎಂದರು ಅತ್ತೆ. "ಆದ್ರೆ ನೀರು ಆ ಹೆಣ್ಣುಮಗಳನ್ನ ಮುಟ್ಟೇ ಇಲ್ಲ. ಅದನ್ನ ಕೇಳಿ, ಆಮೇಲೆ ಸಹಿ ಹಾಕಿ."

ಪೆನ್ನು ತೆಗೆದಿದ್ದ ಮುಖ್ಯಾಧಿಕಾರಿ ತಲೆ ಎತ್ತಿದರು, ಅತ್ತೆ ಮುಂದುವರಿಸಿದರು.

"ಸುಟ್ಟ ಮನೇಲಿ ನೆಲದ ಮೇಲೆ ಕಂಬಳಿ ಇರುತ್ತೆ ಅಂತಿಟ್ಕೊಳ್ಳಿ. ಎತ್ತಿ ನೋಡಿದ್ರೆ ಅಡಿಯಲ್ಲಿ ನೆಲ ಚೊಕ್ಕಟ ಇದೆ ಅಂದ್ರೆ ಬೆಂಕಿಗೆ ಮೊದಲೇ ಕಂಬಳಿ ಅಲ್ಲಿತ್ತು. ಅಡಿಯಲ್ಲೂ ಮಸಿ ಇದೆ ಅಂದ್ರೆ ಆಮೇಲೆ ಯಾರೋ ತಂದು ಹಾಕಿದಾರೆ. ಮೇಡಂ ಮಲಗಿದ್ದ ಜಾಗದ ಅಡಿಯಲ್ಲೂ ಹೂಳಿತ್ತು. ಅಂದ್ರೆ ದಿಬ್ಬದ ಮೇಲೆ ನೀರು ಹರಿದು ಹೋದ ಮೇಲೆ ಅವರು ಅಲ್ಲಿಗೆ ಬಂದಿದ್ದು."

"ನೀರೇ ಹೊತ್ತು ತಂದು ಬಿಟ್ಟಿರಬಹುದಲ್ಲ?" ಎಂದರು ಮುಖ್ಯಾಧಿಕಾರಿ.

"ಸರಿಯಾದ ಪ್ರಶ್ನೆ. ಮೊದಲ ನೀರು ಕಸ ಕೆಸರಿನದು. ಅದು ಹೊಡ್ಕೊಂಡು ಹೋಗಿದ್ರೆ ಕೂದಲಲ್ಲಿ ತರಗೆಲೆ, ಬಟ್ಟೆಯಲ್ಲಿ ಕೆಸರು, ಮೈಯೆಲ್ಲ ತರಚು, ಎದೆಯಲ್ಲಿ ನೀರು ಇರಬೇಕಿತ್ತು. ಯಾವುದೂ ಇಲ್ಲ. ಒದ್ದೆ ಮಾತ್ರ ಇತ್ತು, ತಿಳಿನೀರಿನ ಒದ್ದೆ. ಮಧ್ಯಾಹ್ನದ ನೀರನ್ನ ಯಾರೋ ಮೈಮೇಲೆ ಸುರಿದಿದಾರೆ, ಹೊಳೆ ಮೇಲೆ ಅಪವಾದ ಬರಲಿ ಅಂತ."

"ಯಾರೋ ಅಂದ್ರೆ?" ಅತಿಥಿಗೃಹದ ಯಜಮಾನನ ಸ್ವರ ಕೀಚಲಾಯಿತು.

"ದಿಬ್ಬದ ಇಳಿಜಾರಲ್ಲಿ ದೋಣಿ ಎಳೆದ ಗೀರಿದೆ. ಇಳಿಜಾರಿನ ನಡುವೆ ಶುರುವಾಗುತ್ತೆ, ಅದರ ಕೆಳಗಿನ ನೀರಿನ ಗೆರೆಗಳು ಹಾಗೇ ಇವೆ. ಅಂದ್ರೆ ನೀರು ಅರ್ಧ ಇಳಿದಿದ್ದಾಗ ದೋಣಿ ಬಂದು ಹೋಯ್ತು. ಆ ಹೊತ್ತಿಗೆ ಕ್ಲಬ್ಬಿನ ಕಯಾಕುಗಳು ಸೇತುವೆ ಹತ್ರ ಲಾರಿ ಏರಿದ್ವು. ಅಲ್ಲದೆ ಕಯಾಕಲ್ಲಿ ಎಚ್ಚರ ಇಲ್ಲದೋರನ್ನ ಮಲಗಿಸೋಕೆ ಜಾಗ ಎಲ್ಲಿದೆ? ಈ ಹುಡುಗಿ ಬಂದಿದ್ದು ನೀರು ಪೂರ್ತಿ ಇಳಿದ ಮೇಲೆ, ರಬ್ಬರ್ ದೋಣೀಲಿ. ಅದು ಗೀರು ಮಾಡಲ್ಲ. ಯಜಮಾನರೇ, ನಿಮ್ಮ ದೋಣಿಗೆ ಇರೋದು ಒಂದೇ ಏಣು. ಅಲ್ಲಿದ್ದದ್ದು ಜೋಡಿ ಗೀರು."

ಅಳಿಯನಿಗೆ ಆಗ ರಕ್ಷಣಾ ದೋಣಿ ನೆನಪಾಯಿತು. ಚಪ್ಪಟೆ ತಳ, ಎರಡು ಕಬ್ಬಿಣದ ಪಟ್ಟಿ. ತಾನೂ ಅದನ್ನು ನೋಡಿದ್ದ.

"ಇನ್ನೊಂದು ಮಾತು," ಅತ್ತೆಯ ದನಿ ತಗ್ಗಿತು. "ಮೇಡಂ ಮಗ್ಗುಲಾಗಿ, ಕೆನ್ನೆ ಕೆಳಗೆ ಕೈ ಇಟ್ಟು, ಮೊಣಕಾಲು ಮಡಚಿ ಮಲಗಿದ್ರು. ನೀರು ಯಾರನ್ನೂ ಹಾಗೆ ಮಲಗಿಸಲ್ಲ. ಉಸಿರಾಡ್ತಿರೋ, ಆದ್ರೆ ಎಚ್ಚರ ಇಲ್ಲದೋರ ಗಂಟಲು ಕಟ್ಟದಿರಲಿ ಅಂತ ಹಾಗೆ ಮಲಗಿಸ್ತಾರೆ. ಈ ಊರಿಗೆ ಅದನ್ನ ಹೇಳಿಕೊಟ್ಟೋರು ನೀವೇ, ದೋಣಿಯಣ್ಣ."

"ಇಲ್ಲ!" ಕ್ಯಾಪ್ಟನ್ ಎದ್ದು ನಿಂತಳು. "ಅಣ್ಣ, ಇಲ್ಲ ಅಂತ ಹೇಳಿ."

ದೋಣಿಯಣ್ಣ ತನ್ನ ಕೈಗಳನ್ನೇ ನೋಡುತ್ತಿದ್ದ.

"ಬೆಳಿಗ್ಗೆ ದಿಬ್ಬಕ್ಕೆ ಹೋಗೋ ಮುಂಚೆ ಗುಡಿಸಲ ಹತ್ರ ಬಂದ್ರು. ಸಭೇಲಿ ಇನ್ನೂ ಹೆಚ್ಚು ದಿನ ನೀರು ಬಿಡಿ ಅಂತ ಕೇಳ್ತೀನಿ ಅಂದ್ರು, ಖುಷಿಯಾಗಿ. ಬೇಡಮ್ಮ, ನೀರು ಬಂದಾಗಲೆಲ್ಲ ನನ್ನ ಮಗನ ಕೂಗು ಕೇಳುತ್ತೆ, ನಿಲ್ಸಿಬಿಡಿ ಅಂತ ಕೈ ಮುಗಿದೆ. ಆಗಲ್ಲ ಅಂದ್ರು. ನನ್ನನ್ನ ದಾಟಿ ಹೋಗೋಕೆ ನೋಡಿದ್ರು, ನಾನು ತಳ್ಳಿದೆ. ಹಿಂದೆ ಲಂಗರಿನ ಕಲ್ಲಿತ್ತು. ಕೊಲ್ಲೋಕಲ್ಲ. ನಾಡಿ ನೋಡ್ದೆ, ಇತ್ತು. ತಲೆಗೆ ಬಟ್ಟೆ ಕಟ್ಟಿ ಗುಡಿಸಲಲ್ಲಿ ಮಲಗಿಸಿದೆ. ಆಸ್ಪತ್ರೆಗೆ ಓಡಬೇಕಿತ್ತು. ಅಷ್ಟರಲ್ಲಿ ಸೈರನ್ ಕೂಗ್ತು. ನೀರು ಬಂತು. ಇದೇ ಕೊನೇ ನೀರು ಆಗ್ಲಿ ಅಂತ ಮನಸ್ಸಿಗೆ ಬಂತು, ಹೋಗಲೇ ಇಲ್ಲ. ಸಂಜೆ ಕ್ಲಬ್ಬಿನವರು ಬರ್ತಾರೆ, ಎತ್ಕೊಂಡು ಹೋಗ್ತಾರೆ ಅಂತ ತಲೆಯ ಕಟ್ಟು ಬಿಚ್ಚಿ, ದೋಣೀಲಿ ಒಯ್ದು ದಿಬ್ಬದ ಮೇಲಿಟ್ಟೆ."

"ಇಡೀ ಹಗಲು," ಎಂದರು ಅತ್ತೆ. ಅವರ ಮುಖದಲ್ಲಿ ಕರುಣೆಯಿತ್ತು, ಆದರೆ ಮಾತು ಸಡಿಲಲಿಲ್ಲ. "ಇಡೀ ಹಗಲು ಒಬ್ಬ ತಾಯಿಯ ಮಗಳನ್ನ ಸಾವಿನ ಬಾಗಿಲಲ್ಲಿ ಮಲಗಿಸಿ, ಹೊರಗೆ ಕಾವಲು ಕೂತ್ರಿ. ನಿಮ್ಮ ಮಗನನ್ನ ತಗೊಂಡಿದ್ದು ಈ ನೀರಲ್ಲ ದೋಣಿಯಣ್ಣ. ಹೇಳದೆ ಕೇಳದೆ ಬಂದ ನೀರು. ಏರ್ಪಾಡು ರದ್ದಾದ್ರೆ ಹೊಳೆ ಒಣಗಿ ಕೂರುತ್ತೆ ಅಂದುಕೊಂಡ್ರಾ? ಇಂಜಿನಿಯರೇ, ಏನಾಗುತ್ತೆ ಹೇಳಿ."

"ಹಳೇ ಪದ್ಧತಿಗೇ ಹೋಗ್ತೀವಿ," ಎಂದರು ಇಂಜಿನಿಯರು ಕಷ್ಟದಿಂದ. "ವಿದ್ಯುತ್ ಬೇಕಾದಾಗ ಬಿಡೋದು. ಸೈರನ್ ಕೂಡ ಏರ್ಪಾಡಿನ ಭಾಗ. ಮೇಡಂ ಹಟ ಹಿಡಿದು ಹಾಕಿಸಿದ್ದು."

ದೋಣಿಯಣ್ಣ ತಲೆ ಎತ್ತಿದ. ಆ ಮಾತು ಅವನಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದರೂ ಕಿವಿಗೆ ಬಿದ್ದಿರಲಿಲ್ಲವೋ. ಮೇಜಿನ ಅಂಚು ಹಿಡಿದು ಮಗುವಿನಂತೆ ಬಿಕ್ಕಳಿಸಿದ. ಇನ್ಸ್‌ಪೆಕ್ಟರು ಹತ್ತಿರ ಬಂದು ಅವನ ತೋಳು ಹಿಡಿದು ಎಬ್ಬಿಸಿದರು.

ಅವರು ಹೋದ ಮೇಲೂ ಮುಖ್ಯಾಧಿಕಾರಿ ಪೆನ್ನು ಹಿಡಿದೇ ಕೂತಿದ್ದರು. "ಆ ಗೆರೆಗಳು," ಎಂದರು ಕೊನೆಗೆ. "ಮಧ್ಯಾಹ್ನವೇ ಗೇಟ್ ಮುಚ್ಚಿಬಿಟ್ಟಿದ್ರೆ?"

"ನೀರು ಒಂದೇ ಏಟಿಗೆ ಬತ್ತಿಹೋಗ್ತಿತ್ತು. ದೋಣಿ ಯಾವಾಗ ಬಂತು ಅಂತ ಯಾವ ಪತ್ತೇದಾರನಿಗೂ ಹೇಳೋಕೆ ಆಗ್ತಿರ್ಲಿಲ್ಲ," ಎಂದರು ಅತ್ತೆ. "ಮೆಲ್ಲಗೆ ಇಳೀಲಿ ಅಂತ ಹೋರಾಡಿದ್ದು ಆ ಹೆಣ್ಣುಮಗಳು. ನನ್ನ ಜಾಣತನಕ್ಕಿಂತ ಅವರ ಹಟ ದೊಡ್ಡದು."

ಮುಖ್ಯಾಧಿಕಾರಿ ಪೆನ್ನನ್ನು ಜೇಬಿಗಿಟ್ಟರು. "ಅವರಿಗೆ ಎಚ್ಚರ ಆಗೋವರೆಗೆ ಈ ಸಭೆ ಮುಂದೂಡೋಣ. ಅವರ ಮಾತು ಕೇಳದೆ ಏನೂ ರದ್ದಾಗಲ್ಲ."

ಆ ವಾರವೇ ಮೇಡಂಗೆ ಎಚ್ಚರವಾಯಿತು. ತಳ್ಳಿದ್ದು ಯಾರೆಂದು ನೆನಪಿತ್ತು, ಪೊಲೀಸರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಕಡಿಮೆಯೂ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ. ನಡೆಯುವಂತಾದ ಕೂಡಲೇ ತಾಯಿಯ ಭುಜ ಹಿಡಿದುಕೊಂಡು ಅದೇ ಸಭಾಕೋಣೆಗೆ ಬಂದರು. ಏರ್ಪಾಡು ಶಾಶ್ವತವಾಯಿತು. ಸೈರನ್ನನ್ನು ಗೇಟಿನ ಯಂತ್ರಕ್ಕೇ ಜೋಡಿಸಬೇಕು, ಅದು ಕೂಗದೆ ಗೇಟು ತೆರೆಯಲೇಕೂಡದು ಎಂಬುದನ್ನೂ ಅವರೇ ಸೇರಿಸಿದರು.

ಮುಂದೆ ನೀರು ಬಿಟ್ಟ ದಿನ ಅತ್ತೆ, ಅಳಿಯ ಇಬ್ಬರೂ ದಡಕ್ಕೆ ಹೋದರು. ಆ ಸಲ ಕ್ಯಾಪ್ಟನ್ ರೇಸಿನಲ್ಲಿರಲಿಲ್ಲ. ರಕ್ಷಣಾ ದೋಣಿಯಲ್ಲಿ ಕೂತಿದ್ದಳು. "ಯಾರಾದ್ರೂ ಕೂರಬೇಕಲ್ಲ. ಕಲಿಸಿದೋರು ತಪ್ಪು ಮಾಡಿದ್ರು ಅಂತ ಕಲಿತದ್ದು ತಪ್ಪಾಗಲ್ವಲ್ಲ," ಎಂದಳು, ಯಾರೂ ಕೇಳದಿದ್ದರೂ. ಸೈರನ್ ಕೂಗಿತು. ಕಂದು ನೀರು ಬಂಡೆಗಳ ನಡುವೆ ನುಗ್ಗಿತು. ಅದರ ಹಿಂದೆ ಕಯಾಕುಗಳು ಒಂದೊಂದಾಗಿ, ಮುಳುಗುತ್ತಾ ಏಳುತ್ತಾ, ಕೂಗುತ್ತಾ ನಗುತ್ತಾ ದಾಟಿದವು.

ಅತ್ತೆಗೆ ಬಿಸಿಲು ಹೆಚ್ಚಾಯಿತೆಂದು ಅಳಿಯ ಕಾರಿನ ಬಾಗಿಲು ತೆರೆದ. ಆಕೆ ಕದಲಲಿಲ್ಲ. ಕೊನೆಯ ಕಯಾಕ್ ತಿರುವು ದಾಟಿ, ಕ್ಯಾಪ್ಟನ್ ಎದ್ದು ನಿಂತು ಎಲ್ಲರೂ ಸುಖವಾಗಿದ್ದಾರೆಂದು ಎರಡೂ ಕೈ ಎತ್ತಿ ತೋರಿಸುವ ತನಕ ನಿಂತೇ ಇದ್ದರು.

"ಹೂಂ, ಈಗ ನಡೀರಿ," ಎಂದರು.